ಗೋಡೆಯೊಳಗಿನ ನೀರು

ನಮ್ಮ ಮನೆಯ ನೀರಿನ ಪೈಪು ಕೈಕೊಟ್ಟಿದ್ದು ಒಂದು ಸೋಮವಾರ ಬೆಳಿಗ್ಗೆ, ಅತ್ತೆ ಅಕ್ಕಿ ತೊಳೆಯುತ್ತಿದ್ದಾಗ. ಅದು ಇದ್ದಕ್ಕಿದ್ದ ಹಾಗೆ ಆದದ್ದೇನಲ್ಲ. ವರ್ಷದಿಂದ ನಲ್ಲಿಯಲ್ಲಿ ನೀರು ದಾರದಷ್ಟೇ ಬರುತ್ತಿತ್ತು. ದಿನದ ಮೊದಲ ಬಕೆಟ್ಟು ಚಹಾದ ಬಣ್ಣದ್ದಾಗಿರುತ್ತಿತ್ತು. ಆ ದಿನ ನಲ್ಲಿ ಎರಡು ಸಲ ಕೆಮ್ಮಿತು, ಒಂದು ಹಿಡಿ ತುಕ್ಕು ಉಗುಳಿತು, ಆಮೇಲೆ ಸುಮ್ಮನಾಯಿತು. ಹಿತ್ತಿಲ ನೆಲ ಮಾತ್ರ ಒದ್ದೆಯಾಗುತ್ತಾ ಬಂತು.

"ರೀ, ನಿಮ್ಮ ಪೈಪು ಸತ್ತಿತು," ಎಂದು ಅತ್ತೆ ಅಡುಗೆಮನೆಯಿಂದಲೇ ಕೂಗಿದರು. ಪಕ್ಕದಲ್ಲಿ ಈರುಳ್ಳಿ ಹೆಚ್ಚುತ್ತಿದ್ದ ನನ್ನನ್ನು ನೋಡಿ, "ನಿಂತಿತು, ನಿಂತಿತು," ಎಂದು ತಿದ್ದಿಕೊಂಡರು.

ಮನೆಯಲ್ಲಿ ನಾವು ನಾಲ್ಕು ಜನ. ಮಾವ ಸೋಪಿನ ಕಾರ್ಖಾನೆಯಲ್ಲಿ ಪೈಪ್ ಫಿಟ್ಟರ್ ಆಗಿದ್ದು ನಿವೃತ್ತರಾದವರು. ಅತ್ತೆ ನಡುಮನೆಯಲ್ಲಿ ಹೊಲಿಗೆ ಯಂತ್ರ ಇಟ್ಟುಕೊಂಡು ಶಾಲೆಯ ಯೂನಿಫಾರ್ಮ್ ಹೊಲಿದುಕೊಡುತ್ತಾರೆ. ನಾದಿನಿ ಕನ್ನಡಕದಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಬಾಯಿ ಚುರುಕು, ಮಾವ ಅವಳನ್ನು ಕರೆಯುವುದೇ ಮೆಣಸಿನಕಾಯಿ ಎಂದು. ನಾನು ಸೊಸೆ. ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುತ್ತೇನೆ. ನನ್ನ ಗಂಡ ತೀರಿಕೊಂಡು ಆಗ ವರ್ಷ ದಾಟಿತ್ತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದ. ಒಂದು ಮಧ್ಯಾಹ್ನ ಊಟದ ಡಬ್ಬಿ ತೆರೆದಿಟ್ಟವನು ಹಾಗೆಯೇ ಗೋಡೆಗೆ ಒರಗಿದನಂತೆ.

ನಮ್ಮ ಕೋಣೆಯ ಒಂದು ಗೋಡೆಗೆ ಅವನು ಈ ತುದಿಯಿಂದ ಆ ತುದಿಯವರೆಗೆ ಹಲಗೆಗಳನ್ನು ಜಡಿದಿದ್ದ. ಅವನ ಸ್ಪ್ಯಾನರುಗಳು, ಶೂಗಳು, ಬಿಚ್ಚಿಟ್ಟ ರೇಡಿಯೋ, ಗಾಳಿ ಹೋದ ಫುಟ್‌ಬಾಲು, ಎಲ್ಲ ಅಲ್ಲಿದ್ದವು. ಅವನು ತೀರಿಕೊಂಡ ತಿಂಗಳಲ್ಲೇ ಮಾವ, ಮೇಲಿನ ಹಲಗೆ ವಾಲಿದೆಯೆಂದು ಸ್ಕ್ರೂಡ್ರೈವರ್ ಹಿಡಿದು ಬಂದಿದ್ದರು. "ಆ ಗೋಡೆ ಯಾರೂ ಮುಟ್ಟಬೇಡಿ," ಎಂದೆ. ಸ್ವಲ್ಪ ಜೋರಾಗಿಯೇ ಅಂದಿರಬೇಕು. ಅಂದಿನಿಂದ ಆ ಕೋಣೆಯ ಹೊಸ್ತಿಲನ್ನು ಯಾರೂ ದಾಟಲಿಲ್ಲ. ನಾದಿನಿ ಕೂಡ ಬಾಗಿಲಲ್ಲೇ ನಿಂತು ಮಾತಾಡಿ ಹೋಗುತ್ತಿದ್ದಳು.

ಇನ್ನೊಂದು ಬದಲಾವಣೆಯೂ ಆಗಿತ್ತು. ಮದುವೆಯಾದ ಹೊಸತರಲ್ಲಿ ಅತ್ತೆ ನನಗೆ ಚಹಾವನ್ನು ಸಾಸರಿನ ಮೇಲಿಟ್ಟು ಕೊಡುತ್ತಿದ್ದರು. ಕೆಲವು ತಿಂಗಳಲ್ಲಿ ಆ ಸಾಸರು ಮಾಯವಾಗಿ, ಉಳಿದವರಿಗೆ ಕೊಟ್ಟ ಹಾಗೆ ಬರೀ ಕಪ್ಪನ್ನು ಮೇಜಿನ ಮೇಲೆ ಕುಕ್ಕತೊಡಗಿದ್ದರು. ಅವನು ಹೋದ ಮೇಲೆ ಸಾಸರು ಮತ್ತೆ ಬಂತು.

ನಮ್ಮ ಮನೆಯಲ್ಲಿ ಜಗಳವಿಲ್ಲದೆ ಊಟ ಮುಗಿಯುವುದಿಲ್ಲ. ಉಪ್ಪಿನಿಂದ ಹಿಡಿದು ಊರಿನ ಬಸ್ಸಿನವರೆಗೆ ಯಾವುದಾದರೂ ಸರಿ. "ಊಟಕ್ಕೆ ಕೂತು ಬಾಯಿ ಮಾಡದವರು ನೆಂಟರು," ಎನ್ನುವುದು ಅತ್ತೆಯ ಮಾತು. ನಾನೂ ಒಂದು ಕಾಲದಲ್ಲಿ ಬಾಯಿ ಮಾಡುತ್ತಿದ್ದೆ. ಈಗ ನಾನು ಏನಂದರೂ ಮೂವರೂ ಹೌದು ಹೌದು ಅನ್ನುತ್ತಿದ್ದರು.

ಪ್ಲಂಬರನ್ನು ಕರೆಸಿದೆವು. ಬೀದಿಯಲ್ಲಿ ಅವನಿಗೆ ಅರ್ಜೆಂಟು ಎಂದೇ ಹೆಸರು. ಬಂದ ಕೂಡಲೇ ಬೇರೆ ಕಡೆ ಅರ್ಜೆಂಟಾಗಿ ಹೋಗಬೇಕು ಅನ್ನುತ್ತಾನೆ, ಎರಡನೆಯ ಚಹಾ ಮುಗಿಯುವವರೆಗೆ ಏಳುವುದಿಲ್ಲ. ಹಿತ್ತಿಲಲ್ಲಿ ಅಗೆದು, ಹಳೆಯ ಪೈಪಿನ ಒಂದು ತುಂಡು ಕತ್ತರಿಸಿ ತಂದು ಮೇಜಿನ ಮೇಲಿಟ್ಟ. ಸತು ಬಳಿದ ಕಬ್ಬಿಣದ ಪೈಪು. ಒಳಗೆಲ್ಲ ತುಕ್ಕು ಕಟ್ಟಿ, ನಡುವೆ ಪೆನ್ಸಿಲ್ ತೂರುವಷ್ಟೂ ಜಾಗವಿರಲಿಲ್ಲ.

"ಅಪ್ಪ, ಇದು ಪೈಪಾ ಕಲ್ಲಾ?" ಎಂದಳು ನಾದಿನಿ.

"ನಾನು ಮದುವೆಯಾದ ವರ್ಷ ಹಾಕಿದ ಲೈನು," ಎಂದರು ಮಾವ. "ಒಂದೇ ಒಂದು ಜಾಯಿಂಟು ಸೋರಿಲ್ಲ. ನಿನ್ನ ಹುಟ್ಟಿಗಿಂತ ಹಳೇದು."

"ಸೋರೋಕೆ ಒಳಗೆ ನೀರಿರಬೇಕಲ್ಲ ರೀ," ಎಂದರು ಅತ್ತೆ.

ಹಳೆಯ ದಾರಿಯಲ್ಲೇ ಹೊಸದನ್ನು ಹಾಕುವ ಹಾಗಿರಲಿಲ್ಲ. ಆ ಲೈನು ಮನೆಯ ಮುಂದಿನ ನೀರಿನ ಮೀಟರಿನಿಂದ ಹೊರಟು, ಮನೆಯ ಪಕ್ಕದ ಓಣಿಯಲ್ಲಿ ಸಾಗಿ, ಹಿತ್ತಿಲನ್ನು ಬಳಸಿ ಅಡುಗೆಮನೆಗೆ ಬರುತ್ತಿತ್ತು. ಈಗ ಅದೇ ಓಣಿಯಲ್ಲಿ ಪಕ್ಕದ ಮನೆಯವರ ಒಳಚರಂಡಿಯ ಪೈಪು ಬಂದಿತ್ತು.

"ಕುಡಿಯೋ ನೀರು ಚರಂಡಿ ಪಕ್ಕ ಮಲಗಬಾರದು ಯಜಮಾನ್ರೇ," ಎಂದ ಅರ್ಜೆಂಟು. "ಬೇರೆ ದಾರಿ ನೋಡಬೇಕು. ನೋಡೋದೇನು, ಮೀಟರಿಂದ ಹೀಗೇ ನೇರ..." ಎಂದು ಕೈ ಎತ್ತಿದ.

ಮಾವ ಅವನ ಕೈಯನ್ನೇ ಹಿಡಿದುಕೊಂಡರು. "ಹೊರಗೆ ಬಾ, ಸೂರು ತೋರಿಸ್ತೀನಿ," ಎಂದು ಎಬ್ಬಿಸಿಕೊಂಡು ಹೋದರು. ಅವನ ಚಹಾ ಅರ್ಧ ಉಳಿಯಿತು. ಅದು ಅಪರೂಪದ ಸಂಗತಿ.

ದಾರಿ ತೀರ್ಮಾನವಾಗುವವರೆಗೆ ನೀರು ಬೇಕಲ್ಲ. ತೋಟಕ್ಕೆ ನೀರು ಬಿಡುವ ರಬ್ಬರಿನ ಪೈಪನ್ನು ಮಾವ ತಂದರು. ಅದು ಮೀಟರಿನಿಂದ ಹೊರಟು, ನಡುಮನೆಯ ಕಿಟಕಿಯಲ್ಲಿ ಒಳಗೆ ಬಂದು, ಹೊಲಿಗೆ ಯಂತ್ರದ ಕೆಳಗೆ ನುಸುಳಿ, ಊಟದ ಮೇಜನ್ನು ಸುತ್ತಿ ಅಡುಗೆಮನೆ ಸೇರಬೇಕಿತ್ತು. ಉದ್ದ ಸಾಲಲಿಲ್ಲ. ಮಾವ ಇನ್ನೊಂದು ಪೈಪು ತಂದು, ಎರಡರ ತುದಿಯನ್ನು ಒಂದರೊಳಗೊಂದು ತೂರಿಸಿ ತಂತಿ ಬಿಗಿದರು. ಆ ಗಂಟು ಬಂದದ್ದು ಸರಿಯಾಗಿ ಹೊಲಿಗೆ ಯಂತ್ರದ ಪಕ್ಕ, ಅತ್ತೆ ಹೊಲಿದ ಬಟ್ಟೆಗಳನ್ನು ಮಡಚಿಡುವ ಜಾಗದಲ್ಲಿ.

"ಮನೆಯೊಳಗೆ ಹಾವು ಸಾಕಿದ ಹಾಗಾಯ್ತು," ಎಂದರು ಅತ್ತೆ. ಮೊದಲ ದಿನವೇ ಎಲ್ಲರೂ ಒಂದೊಂದು ಸಲ ಎಡವಿದೆವು.

ಜಗಳ ಶುರುವಾಯಿತು. ಮಾವನದು ಕಬ್ಬಿಣ. ಮನೆಯ ಹೊರಗೋಡೆಯನ್ನು ಹತ್ತಿಸಿ, ಸೂರಿನ ಅಂಚಿನಲ್ಲಿ ಸಾಗಿಸಿ, ಹಿಂದೆ ಇಳಿಸುವುದು. "ಬಿಸಿಲಲ್ಲಿ ಪ್ಲಾಸ್ಟಿಕ್ ಹಾಕಿದ್ರೆ ಬಿಸ್ಕತ್ತಿನ ಹಾಗೆ ಮುರಿಯುತ್ತೆ. ಕಬ್ಬಿಣ ಆದ್ರೆ ಮೇಲೆ ಆನೆ ನಡೀಲಿ."

"ಸೂರಿನ ಮೇಲೆ ಯಾವ ಆನೆ ನಡೆಯುತ್ತಪ್ಪಾ?" ಎಂದಳು ನಾದಿನಿ. "ಮತ್ತೆ ತುಕ್ಕು ಹಿಡಿಯುತ್ತೆ. ಮತ್ತೆ ಚಹಾ ಬಣ್ಣದ ನೀರಲ್ಲಿ ನನ್ನ ಬಿಳಿ ಕೋಟು ಒಗೀಬೇಕು. ಅಂಗಡಿಗೆ ಬರೋರು ನನ್ನ ಕೋಟು ನೋಡಿ, ತಮ್ಮ ಕಣ್ಣೇ ಸರಿ ಇಲ್ಲ ಅಂತ ತಿಳ್ಕೋತಾರೆ."

ಅವಳದು ಸುರುಳಿ ಸುತ್ತಿ ಬರುವ ಬಾಗುವ ಪ್ಲಾಸ್ಟಿಕ್ ಪೈಪು. ನಡುವೆ ಒಂದೂ ಜಾಯಿಂಟಿಲ್ಲ, ತಿರುವಿಗೆ ಹಾಕುವ ಎಲ್ಬೋ ಒಂದೂ ಇಲ್ಲ. ಚಾವಣಿಯ ಹಲಗೆಗಳ ಮೇಲೆ ಹಗ್ಗ ಎಳೆದ ಹಾಗೆ ಎಳೆದುಬಿಡಬಹುದು. ಬೆಲೆ ಮಾತ್ರ ಜಾಸ್ತಿ.

"ಚಾವಣಿಯಲ್ಲಿ ಇಲಿ ಇವೆ," ಎಂದರು ಮಾವ. "ನಿನ್ನ ಪೈಪನ್ನು ಸೌತೆಕಾಯಿ ಅಂತ ತಿಂತಾವೆ."

ಅತ್ತೆಗೆ ತಾಮ್ರ ಬೇಕಿತ್ತು. ನಡುಮನೆಯ ಗೋಡೆಯ ಮೇಲೆಯೇ, ಎಲ್ಲರಿಗೂ ಕಾಣುವ ಹಾಗೆ. "ಗೋಡೆ ಒಡೆಯೋದೇ ಬೇಡ. ವಾರಕ್ಕೊಮ್ಮೆ ಉಜ್ಜಿದ್ರೆ ಫಳಫಳ ಅನ್ನುತ್ತೆ."

"ಯಾರು ಉಜ್ಜೋದು?"

"ನೀನು."

"ನೋಡಿದ್ರಾ ಅತ್ತಿಗೆ? ಪೈಪು ಬರೋಕೆ ಮುಂಚೆ ಕೆಲಸ ಬಂತು. ನೀವೇ ಹೇಳಿ."

"ಹೌದು, ಅವಳನ್ನ ಕೇಳಿ. ಅವಳು ಯೂನಿವರ್ಸಿಟಿಯಲ್ಲಿ ಓದಿದವಳು," ಎಂದರು ಅತ್ತೆ.

"ನಾನು ಓದಿದ್ದು ಇತಿಹಾಸ, ಅತ್ತೆ."

"ಪೈಪಿಗೂ ಒಂದು ಇತಿಹಾಸ ಇರಲ್ವಾ?"

ಮರುದಿನ ಲೈಬ್ರರಿಯಲ್ಲಿ ಬಿಡುವಾದಾಗ ಕಟ್ಟಡ ವಿಭಾಗದ ಪುಸ್ತಕಗಳನ್ನು ತೆಗೆದು ಓದಿದೆ. ರಾತ್ರಿ ಊಟಕ್ಕೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ ಇತ್ತು. ತಾಮ್ರವನ್ನೂ ಕಬ್ಬಿಣವನ್ನೂ ನೇರವಾಗಿ ಜೋಡಿಸಿದರೆ ಕಬ್ಬಿಣ ಬೇಗ ಸವೆಯುತ್ತದೆ, ನಡುವೆ ಬೇರೆ ತುಂಡು ಹಾಕಬೇಕು ಎಂದೆ. ಸಿಪಿವಿಸಿ ಎನ್ನುವ ಗಟ್ಟಿ ಪ್ಲಾಸ್ಟಿಕ್ ಪೈಪಿಗೆ ತುಕ್ಕಿಲ್ಲ, ಬಿಸಿನೀರನ್ನೂ ತಡೆಯುತ್ತದೆ, ಆದರೆ ಬಿಸಿಲು ಆಗುವುದಿಲ್ಲ, ಗೋಡೆಯೊಳಗೆ ಹಾಕುವುದು ಒಳ್ಳೆಯದು ಎಂದೂ ಹೇಳಿದೆ.

"ಹೌದಾ," ಎಂದರು ಮಾವ.

"ಒಳ್ಳೇ ಮಾತು," ಎಂದರು ಅತ್ತೆ.

ನಾದಿನಿ ನನಗೆ ಇನ್ನೂ ಸ್ವಲ್ಪ ಆಲೂಗಡ್ಡೆ ಬಡಿಸಿದಳು. ಯಾರೂ ಎದುರಾಡಲಿಲ್ಲ. ಯಾರೂ ಒಪ್ಪಲೂ ಇಲ್ಲ. ಗೋಡೆ ಎಂದ ಕೂಡಲೇ ಮೂವರೂ ತಟ್ಟೆ ನೋಡತೊಡಗಿದ್ದರು. ನಾನು ಕೈ ತೊಳೆಯಲು ಎದ್ದೆ. ಬೆನ್ನ ಹಿಂದೆ ಆನೆ, ಇಲಿ, ಫಳಫಳ ಮತ್ತೆ ಶುರುವಾಯಿತು.

ಹೀಗೆಯೇ ವಾರಗಳು ಕಳೆದವು. ಮಾವ ಹಳೆಯ ಟ್ರಂಕಿನಿಂದ ಪೈಪಿನ ತುದಿಗೆ ಸ್ಕ್ರೂವಿನ ಹಾಗೆ ಥ್ರೆಡ್ ಕೊರೆಯುವ ಡೈ ತೆಗೆದು ಎಣ್ಣೆ ಹಾಕಿ ಒರೆಸಿದರು. ಅಂಗಳದಲ್ಲಿ ಒಂದು ತುಂಡಿಗೆ ಥ್ರೆಡ್ ಹಾಕಿ, ಮಗುವನ್ನು ತೋರಿಸುವ ಹಾಗೆ ಎಲ್ಲರಿಗೂ ತೋರಿಸಿದರು. ನಾದಿನಿ ಅಂಗಡಿಯ ಗೆಳತಿಯ ಮನೆಯಿಂದ ಬಾಗುವ ಪೈಪಿನ ಗೇಣುದ್ದ ತುಂಡು ತಂದು ಬಳೆಯ ಹಾಗೆ ಕೈಗೆ ಸುತ್ತಿಕೊಂಡು ಕುಳಿತಳು. ಅತ್ತೆ ಬಾಗಿಲಿಗೆ ಬಂದ ಪಾತ್ರೆಯವನ ಹತ್ತಿರ ತಾಮ್ರದ ದರ ವಿಚಾರಿಸಿ, ಕೇಳಿದ ಮೇಲೆ ಅರ್ಧ ದಿನ ತಣ್ಣಗಾಗಿ, ಸಂಜೆ ಮತ್ತೆ ತಾಮ್ರವೇ ಅಂದರು. ಅರ್ಜೆಂಟು ಬಂದು ಬಂದು ಹೋದ. ಪ್ರತಿ ಸಲವೂ ಅವನ ಕಣ್ಣು ನನ್ನ ಕೋಣೆಯ ಬಾಗಿಲಿಗೆ ಹೋಗುತ್ತಿತ್ತು. ಪ್ರತಿ ಸಲವೂ ಯಾರಾದರೂ ಅವನಿಗೆ ಚಹಾ ಬೇಕಾ ಎಂದು ಕೇಳುತ್ತಿದ್ದರು.

ನಾನು ಇವರು ಮೂವರೂ ಹಟಮಾರಿಗಳು ಎಂದುಕೊಂಡಿದ್ದೆ. ಅದರಲ್ಲಿ ಸುಳ್ಳೂ ಇಲ್ಲ.

ಒಂದು ಶನಿವಾರ ಮನೆಯಲ್ಲಿ ಯಾರೂ ಇರಲಿಲ್ಲ. ಅತ್ತೆ ಗುಂಡಿಗಳನ್ನು ತರಲು ಪೇಟೆಗೆ ಹೋಗಿದ್ದರು. ಮಧ್ಯಾಹ್ನ ನಾನು ಬೀಗ ತೆಗೆದಾಗ ನಡುಮನೆಯ ನೆಲ ಕನ್ನಡಿಯ ಹಾಗಿತ್ತು. ತಂತಿ ಬಿಗಿದ ಗಂಟು ಬಿಚ್ಚಿಕೊಂಡಿತ್ತು. ರಬ್ಬರಿನ ಪೈಪು ಆ ಕಡೆ ಈ ಕಡೆ ಹೊರಳುತ್ತಾ ಪಕ್ಕದಲ್ಲಿ ಒಟ್ಟಿಟ್ಟಿದ್ದ ಯೂನಿಫಾರ್ಮುಗಳ ಮೇಲೆ ನೀರು ಚೆಲ್ಲುತ್ತಿತ್ತು. ಸೋಮವಾರ ಶಾಲೆಗೆ ಕೊಡಬೇಕಾದ ಬಟ್ಟೆ. ಓಡಿಹೋಗಿ ಮೀಟರಿನ ವಾಲ್ವು ತಿರುಗಿಸಿದೆ.

ಅತ್ತೆ ಬಂದವರು ಬಾಗಿಲಲ್ಲೇ ನಿಂತರು. ಅಳುತ್ತಾರೆ ಅಂದುಕೊಂಡೆ. ಅವರು ಸೀರೆ ಎತ್ತಿ ಕಟ್ಟಿ, "ಹಿಂಡು," ಎಂದರು.

ಮಾವ ಬಂದರು, ನಾದಿನಿ ಬಂದಳು. ಹಿಂಡಿದೆವು, ಅಂಗಳದ ತುಂಬ ಹಗ್ಗ ಕಟ್ಟಿ ಹರವಿದೆವು.

"ಯಾರು ಕಟ್ಟಿದ್ದು ಈ ತಂತಿ? ಫಿಟ್ಟರಂತೆ, ಫಿಟ್ಟರು!" ಎಂದರು ಅತ್ತೆ.

"ಕಬ್ಬಿಣಕ್ಕೆ ಕಟ್ಟಿದವನು ನಾನು. ರಬ್ಬರಿಗಲ್ಲ."

"ಬೇರೆ ಯಾರಾದ್ರೂ ಆಗಿದ್ರೆ ಸಂಬಳ ಹಿಡೀತಿದ್ದೆ."

"ಸಂಬಳ ಕೊಟ್ಟಿದ್ದು ಯಾವಾಗ?"

ಭಾನುವಾರ ಇಡೀ ದಿನ ಇಸ್ತ್ರಿ. ನಾದಿನಿ ಒಂದು ಮೇಜಿನ ಮೇಲೆ, ನಾನು ಒಂದು ಮೇಜಿನ ಮೇಲೆ. ಅತ್ತೆ ಗುಂಡಿ ಹಚ್ಚುತ್ತಿದ್ದರು. ಮಾವ ಬ್ರೆಡ್ಡಿಗೆ ಮೊಟ್ಟೆ ಹಾಕಿ ಹುರಿದು ಕೊಟ್ಟರು; ಒಂದು ಬದಿ ಕರಕಲಾಗಿತ್ತು. ಬೈಯಲು ಯಾರಿಗೂ ಪುರುಸೊತ್ತಿರಲಿಲ್ಲ.

ಆ ಹೊತ್ತಿಗೆ ಅರ್ಜೆಂಟು ಬಂದ. ಮಾವ ಹಿತ್ತಿಲಲ್ಲಿದ್ದರು, ಅತ್ತೆ ಒಳಗೆ ಚಹಾಕ್ಕೆ ಇಟ್ಟಿದ್ದರು. ಬಟ್ಟೆಯ ರಾಶಿ, ಒದ್ದೆ ನೆಲ, ಬಿಚ್ಚಿದ ಗಂಟು ಎಲ್ಲ ನೋಡಿ ತಲೆ ಚಚ್ಚಿಕೊಂಡ.

"ಅಲ್ಲಮ್ಮ, ಇಷ್ಟೆಲ್ಲ ಯಾಕೆ? ಮೀಟರು ಇರೋದು ನಿಮ್ಮ ಕೋಣೆ ಕಿಟಕಿ ಕೆಳಗೆ. ಅಡುಗೆಮನೆ ಇರೋದು ಹಲಗೆ ಜಡಿದಿರೋ ಗೋಡೆ ಹಿಂದೆ. ಆ ಗೋಡೆ ನೇರ ಕೊರೆದು ಪೈಪು ಕೂರಿಸಿದ್ರೆ ಒಂದು ದಿನದ ಕೆಲಸ. ಯಾವ ಪೈಪಾದ್ರೂ ನಡೆಯುತ್ತೆ. ಇವರೇನು, ಸೂರು ಹತ್ತಿಸು, ಚಾವಣಿ ಹತ್ತಿಸು, ಗೋಡೆ ಮೇಲೆ ಅಲಂಕಾರ ಮಾಡು ಅಂತಾರೆ. ಆ ಕೋಣೆ ಹೆಸರು ಎತ್ತಿದ್ರೆ ಮಾತ್ರ ಕೆಲಸದಿಂದ ತೆಗೀತೀನಿ ಅಂತಾರೆ ಯಜಮಾನ್ರು."

ನಾದಿನಿ ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿಟ್ಟಳು. "ನಿಮಗೆ ಬೇರೆ ಕಡೆ ಅರ್ಜೆಂಟ್ ಇಲ್ವಾ?" ಎಂದಳು.

"ಇದೆ ಇದೆ," ಎಂದು ಅವನು ಕುರ್ಚಿ ಎಳೆದುಕೊಂಡ.

ನಾನು ಕೈಯಲ್ಲಿದ್ದ ಅಂಗಿಯ ಕಾಲರು ಮುಗಿಸಿದೆ. ಮಡಚಿದೆ. ಇನ್ನೊಂದು ತೆಗೆದುಕೊಂಡೆ. ಕಬ್ಬಿಣ ಸೂರಿನ ಮೇಲೆ. ಬಾಗುವ ಪೈಪು ಚಾವಣಿಯಲ್ಲಿ. ತಾಮ್ರ ನಡುಮನೆಯಲ್ಲಿ. ನನ್ನ ಕೋಣೆಯೊಂದನ್ನು ಬಿಟ್ಟು ಎಲ್ಲ ಕಡೆ. ರಬ್ಬರಿನ ಪೈಪು ಕೂಡ, ಒಂದು ಬಾಗಿಲು ತೆರೆದಿದ್ದರೆ ಅಷ್ಟು ಉದ್ದ ಬೇಕಿರಲಿಲ್ಲ, ಗಂಟೂ ಬೇಕಿರಲಿಲ್ಲ.

"ನಿನಗೂ ಗೊತ್ತಿತ್ತಾ?" ಎಂದು ನಾದಿನಿಯನ್ನು ಕೇಳಿದೆ.

"ನಿಮ್ಮ ಅಂಗಿ ಸುಡ್ತಿದೆ ನೋಡಿ," ಎಂದಳು. ಸುಡುತ್ತಿರಲಿಲ್ಲ.

ಯೂನಿಫಾರ್ಮುಗಳು ಸೋಮವಾರ ಸಮಯಕ್ಕೆ ಸರಿಯಾಗಿ ಹೋದವು. ವಾರವಿಡೀ ನಾನು ಕೆಲಸದಿಂದ ಬಂದು ಕೋಣೆಯಲ್ಲಿ ಮಂಚದ ಮೇಲೆ ಕುಳಿತು ಗೋಡೆ ನೋಡುತ್ತಿದ್ದೆ. ಹಲಗೆಯ ಮೇಲೆ ಧೂಳಿತ್ತು. ಮೇಲಿನ ಹಲಗೆ ಮಾವ ಹೇಳಿದ ಹಾಗೆ ವಾಲಿತ್ತು, ಈಗ ಮೊದಲಿಗಿಂತ ಹೆಚ್ಚು. ಹೊರಗೆ ಅತ್ತೆ ತಂಬಿಗೆ, ಬಕೆಟ್ಟು, ಪಾತ್ರೆ ಎಲ್ಲಕ್ಕೂ ನೀರು ಹಿಡಿಯುತ್ತಿದ್ದರು. ಗಂಟಿನ ಭಯಕ್ಕೆ ಮಾವ ಬೆಳಿಗ್ಗೆ ಸ್ವಲ್ಪ ಹೊತ್ತು, ಸಂಜೆ ಸ್ವಲ್ಪ ಹೊತ್ತು ಮಾತ್ರ ವಾಲ್ವು ಬಿಡುತ್ತಿದ್ದರು. ಅತ್ತೆಯ ಬಲ ಮಣಿಕಟ್ಟು ಊದಿತ್ತು. ಯಂತ್ರದ ಚಕ್ರವನ್ನು ಎಡಗೈಯಲ್ಲಿ ತಿರುಗಿಸುತ್ತಿದ್ದರು.

"ಕೈಗೇನಾಯ್ತು ಅತ್ತೆ?"

"ಏನಿಲ್ಲ. ಅಂಗಿ ಹಿಂಡಿದ್ದು."

ಮುಂದಿನ ಭಾನುವಾರ ಬೆಳಿಗ್ಗೆ ನಾನು ಕೋಣೆಯ ಬಾಗಿಲನ್ನು ಪೂರ್ತಿ ತೆರೆದು, ಹಾಕಿಕೊಳ್ಳದ ಹಾಗೆ ಒಂದು ಇಟ್ಟಿಗೆ ಇಟ್ಟೆ. ನಡುಮನೆಗೆ ಬಂದು, "ಮಾವ, ಸ್ಕ್ರೂಡ್ರೈವರ್ ತನ್ನಿ," ಎಂದೆ.

ಮೂವರೂ ಚಹಾ ಕುಡಿಯುತ್ತಿದ್ದರು. ಮಾವ ಕಪ್ಪು ಇಟ್ಟು ಅತ್ತೆಯ ಮುಖ ನೋಡಿದರು.

"ಯಾವುದಕ್ಕಮ್ಮಾ?"

"ಮೇಲಿನ ಹಲಗೆ ವಾಲಿದೆ ಅಂದಿದ್ರಲ್ಲ."

ಮಾವ ಒಳಗೆ ಬಂದರು. ಅವರ ಹಿಂದೆ ನಾದಿನಿ. ಅತ್ತೆ ಮಾತ್ರ ಹೊಸ್ತಿಲಲ್ಲಿ ಸ್ವಲ್ಪ ಹೊತ್ತು ನಿಂತು, ಆಮೇಲೆ ಪೊರಕೆ ತಂದರು. ಏನೂ ತೋಚದಿದ್ದಾಗ ಅವರು ಪೊರಕೆ ಹಿಡಿಯುತ್ತಾರೆ.

ನಾನು ಒಂದೊಂದೇ ತೆಗೆದುಕೊಟ್ಟೆ. ಅವರು ಮಂಚದ ಮೇಲೆ ಜೋಡಿಸಿದರು. ಮೇಲಿನ ಹಲಗೆಯ ಸ್ಕ್ರೂ ಬಿಚ್ಚುವಾಗ ಮಾವನಿಗೆ ಏದುಸಿರು ಬಂತು.

"ಇದೇನು ಸ್ಕ್ರೂನಾ, ಸೇತುವೆ ಬೋಲ್ಟಾ? ಗೋಡೆ ಬಿದ್ದರೂ ಹಲಗೆ ಬೀಳಬಾರದು ಅಂತ ಹಾಕಿದ್ದಾನೆ."

"ಯಾರ ಮಗ?" ಎಂದರು ಅತ್ತೆ.

"ಹಾಗಾದ್ರೆ ವಾಲಿದ್ದು ಯಾಕೆ? ಅದು ನಿನ್ನ ಕಡೆಯ ರಕ್ತ."

ನಾದಿನಿ ನಕ್ಕಳು. ನಗುತ್ತಾ ಫುಟ್‌ಬಾಲನ್ನು ಮಡಿಲಲ್ಲಿಟ್ಟುಕೊಂಡು ಅತ್ತಳು. "ಇದಕ್ಕೆ ಗಾಳಿ ಹೊಡಿ ಅಂತ ನನಗೆ ಹೇಳಿದ್ದ. ಐದು ಸಲ ಹೇಳಿದ್ದ. ಬೇಕಾದ್ರೆ ನೀನೇ ಹೊಡ್ಕೋ ಅಂದಿದ್ದೆ." ಅವಳಿಗೆ ಅದನ್ನು ಕೊಟ್ಟೆ. ರೇಡಿಯೋವನ್ನು ಅತ್ತೆ ತೆಗೆದುಕೊಂಡರು. ಹಾಡದಿದ್ದರೂ ಯಂತ್ರದ ಪಕ್ಕ ಇರಲಿ ಅಂದರು. ಸ್ಪ್ಯಾನರುಗಳು ಮಾವನಿಗೆ. ಶೂಗಳನ್ನು ಅವರು ಅಲ್ಲೇ ಕಾಲಿಗೆ ಹಾಕಿ ನೋಡಿದರು. ದೊಡ್ಡವು.

"ಎರಡು ಜೊತೆ ಕಾಲುಚೀಲ ಹಾಕಿದ್ರೆ ಸರಿಹೋಗುತ್ತೆ," ಎಂದರು.

ಅವನ ಡಿಪೋದ ನೀಲಿ ಅಂಗಿಯನ್ನು ನಾನು ಪೆಟ್ಟಿಗೆಗೆ ಹಾಕಿದೆ. ಅದನ್ನು ಯಾರೂ ಕೇಳಲಿಲ್ಲ.

ಮಧ್ಯಾಹ್ನಕ್ಕೆ ಗೋಡೆ ಬರಿದಾಯಿತು. ಹಲಗೆಗಳಿದ್ದ ಕಡೆ ಬಣ್ಣ ಹೊಸದಾಗಿತ್ತು. ನಾನು ಅತ್ತೆಯ ಬಟ್ಟೆ ಗುರುತು ಮಾಡುವ ಸೀಮೆಸುಣ್ಣ ತಂದು, ಕಿಟಕಿಯ ಕೆಳಗಿನಿಂದ ಅಡುಗೆಮನೆಯ ಕಡೆಗೆ ಒಂದು ಗೆರೆ ಎಳೆದೆ.

"ಸೊಟ್ಟ," ಎಂದರು ಮಾವ. "ತಡಿ, ದಾರ ಹಿಡೀತೀನಿ."

ದಾರಿ ಸಿಕ್ಕಿತು, ಇನ್ನು ಪೈಪಿನ ಮಾತೇ ಇಲ್ಲ ಅಂದುಕೊಂಡರೆ, ರಾತ್ರಿ ಊಟಕ್ಕೆ ಅದೇ ಜಗಳ ಹೊಸದಾಗಿ ಶುರುವಾಯಿತು. ಗೋಡೆಯೊಳಗೂ ಕಬ್ಬಿಣವೇ ಎಂದು ಮಾವ.

"ಬೇಡ ಮಾವ," ಎಂದೆ. "ಗೋಡೆಯೊಳಗೆ ಸಿಪಿವಿಸಿ."

"ಗೋಂದು ಹಚ್ಚಿ ಅಂಟಿಸೋದು ಒಂದು ಕೆಲಸಾನಾ? ಶಾಲೇಲಿ ಮಕ್ಕಳು ಬಣ್ಣದ ಕಾಗದ ಅಂಟಿಸ್ತಾರಲ್ಲ, ಹಾಗೆ. ಕಬ್ಬಿಣ ಅಂದ್ರೆ ಥ್ರೆಡ್ಡು ಕೊರಿ, ಸೋರದ ಹಾಗೆ ನಾರು ಸುತ್ತು, ಬಿಗಿ."

"ಆಮೇಲೆ ತುಕ್ಕು."

"ನನ್ನ ಪೈಪು ಎಷ್ಟು ವರ್ಷ ಬಂತು ಗೊತ್ತಾ?"

"ಗೊತ್ತು. ಕೊನೇ ವರ್ಷ ಹೇಗೆ ಬಂತು ಅನ್ನೋದೂ ಗೊತ್ತು. ಇನ್ನೊಂದು ಸಲ ನನ್ನ ಗೋಡೆ ಒಡೆಯೋಕೆ ನಾನು ಬಿಡಲ್ಲ ಮಾವ. ಒಂದೇ ಸಲ. ಮುಚ್ಚಿದ್ರೆ ಮುಚ್ಚಿದ ಹಾಗಿರಬೇಕು."

ಮಾವ ನನ್ನನ್ನು ನೋಡಿದರು. ಹೌದು ಹೌದು ಅನ್ನುತ್ತಾರೆ ಎಂದುಕೊಂಡೆ.

"ಇತಿಹಾಸ ಓದಿದವರಿಗೆಲ್ಲ ಪೈಪಿನ ವಿಷಯ ಬಿಟ್ಟರೆ ಹೀಗೇ ಆಗೋದು," ಎಂದರು. ಅವರ ದನಿ ಏರಿತ್ತು. ನಾನೂ ಏರಿಸಿದೆ. ನಾದಿನಿ ನಡುವೆ ಬಾಯಿ ಹಾಕಲು ಹೋಗಿ, ಅತ್ತೆ ಅವಳ ಕೈ ಒತ್ತಿದ್ದನ್ನು ನೋಡಿ ಸುಮ್ಮನಾದಳು. ಬೇಳೆ ಆರಿಹೋಯಿತು.

ಕೊನೆಗೆ ಆದ ತೀರ್ಮಾನ ಇದು: ಗೋಡೆಯೊಳಗೆ ಸಿಪಿವಿಸಿ. ಮೀಟರಿನಿಂದ ಗೋಡೆಯವರೆಗಿನ ತುಂಡಿಗೆ ಬಿಸಿಲು ಬೀಳುತ್ತದೆ, ಓಡಾಡುವವರ ಕಾಲೂ ತಾಗುತ್ತದೆ. ಅಲ್ಲಿಗೆ ಕಬ್ಬಿಣ, ಮಾವನ ಕೈಯಿಂದಲೇ. ಅದು ಕೆಟ್ಟರೆ ಗೋಡೆ ಮುಟ್ಟದೆ ಬದಲಾಯಿಸಬಹುದು. ಎರಡರ ನಡುವೆ ಹಿತ್ತಾಳೆಯ ಥ್ರೆಡ್ ಇರುವ ಜೋಡಣೆ.

"ನನ್ನ ತಾಮ್ರ?" ಎಂದರು ಅತ್ತೆ.

"ಸಂಬಳ ಬಂದ ಮೇಲೆ ತಾಮ್ರದ್ದೊಂದು ಜಗ್ಗು ತಂದುಕೊಡ್ತೀನಿ," ಎಂದೆ ನಾನು.

"ಯಾರು ಉಜ್ಜೋದು?"

"ನೀವು."

ಅರ್ಜೆಂಟು ಒಂದೇ ದಿನದಲ್ಲಿ ಗೋಡೆ ಕೊರೆದ. ಮನೆಯೆಲ್ಲ ಧೂಳು, ಅತ್ತೆ ಯಂತ್ರಕ್ಕೆ ಹಾಸಿಗೆಯ ಹೊದಿಕೆ ಹೊದಿಸಿ, ಅನ್ನಕ್ಕೂ ಒಂದು ಹೊದಿಸಿದರು. ಮಾವ ಅಂಗಳದಲ್ಲಿ ತಮ್ಮ ತುಂಡಿಗೆ ಥ್ರೆಡ್ ಕೊರೆದು, ನಾರು ಸುತ್ತಿ, ದೊಡ್ಡ ಶೂ ಹಾಕಿಕೊಂಡೇ ಕುಳಿತು ಬಿಗಿದರು. ಒಳಗೆ ಬಂದು, ಅರ್ಜೆಂಟು ಪ್ಲಾಸ್ಟಿಕ್ಕಿಗೆ ಸೊಲ್ಯೂಷನ್ ಹಚ್ಚುವುದನ್ನು ಮೂಗು ಮುಚ್ಚಿಕೊಂಡು ನೋಡಿದರು.

"ಇಷ್ಟೇನಾ?"

"ಇಷ್ಟೇ ಯಜಮಾನ್ರೇ."

"ನಾನೊಂದು ಹಚ್ಚಲಾ?"

ಒಂದಲ್ಲ, ಉಳಿದದ್ದನ್ನೆಲ್ಲ ಅವರೇ ಹಚ್ಚಿದರು. ಆದರೆ ಗೋಡೆ ಮುಚ್ಚಲು ಬಿಡಲಿಲ್ಲ. ನೀರು ತುಂಬಿಸಿ, ನಲ್ಲಿ ಮುಚ್ಚಿ, ಮರುದಿನದವರೆಗೆ ಬಿಟ್ಟರು. ಬೆಳಿಗ್ಗೆ ಒಣ ಕಾಗದ ಹಿಡಿದು ಒಂದೊಂದು ಜಾಯಿಂಟನ್ನೂ ಒರೆಸಿ ನೋಡಿದರು. ಕಾಗದ ಒಣಗಿಯೇ ಇತ್ತು. "ಪರವಾಗಿಲ್ಲ," ಎಂದರು, ಸ್ವಲ್ಪ ನಿರಾಸೆಯಿಂದಲೇ.

ಗೋಡೆ ಮುಚ್ಚಿತು, ಸಾರಣೆ ಒಣಗಿತು. ಬಣ್ಣವನ್ನು ನಾದಿನಿ ಮತ್ತು ನಾನು ಬಳಿದೆವು. ಹಲಗೆಗಳನ್ನು ಮಾವ ಎದುರಿನ ಗೋಡೆಗೆ ಜಡಿದರು. ಅದೇ ಸ್ಕ್ರೂಗಳು. ಈಗ ಅವುಗಳ ಮೇಲೆ ನನ್ನ ಪುಸ್ತಕಗಳಿವೆ. ನಾದಿನಿ ಮಂಚದ ಮೇಲೆ ಕಾಲು ಚಾಚಿ ಕುಳಿತು, ಅಂಗಡಿಗೆ ಬಂದವರ ಕಥೆ ಹೇಳುತ್ತಾಳೆ.

ಅತ್ತೆ ಹೊಸ ನಲ್ಲಿಯ ಮೋಹಕ್ಕೆ ಬಿದ್ದರು. ಬೇಕಿದ್ದಕ್ಕೂ ಬೇಡದ್ದಕ್ಕೂ ತಿರುಗಿಸುತ್ತಿದ್ದರು. ಅವರು ಬೆಳಕು ಹರಿಯುವ ಮೊದಲೇ ಏಳುವವರು. ನನ್ನ ತಲೆದಿಂಬಿನ ಪಕ್ಕದ ಗೋಡೆಯೊಳಗೆ ನೀರು ಸುಯ್ಯೆಂದು ಓಡುತ್ತಿತ್ತು, ನಿಲ್ಲುತ್ತಿತ್ತು, ಟಕ್ ಎನ್ನುತ್ತಿತ್ತು, ಮತ್ತೆ ಓಡುತ್ತಿತ್ತು. ಮೊದಲ ದಿನ ಕೇಳಿಸಿಕೊಂಡೆ. ಆಮೇಲೂ ಕೆಲವು ದಿನ ಕೇಳಿಸಿಕೊಂಡೆ. ಒಂದು ಭಾನುವಾರ ನನಗೆ ನಿದ್ದೆ ಬೇಕಿತ್ತು. ಸುಯ್, ಟಕ್. ಸುಯ್, ಟಕ್.

ಎದ್ದು ಕುಳಿತು ಗೋಡೆಗೆ ಅಂಗೈಯಿಂದ ಬಡಿದೆ.

"ಅತ್ತೇ! ಆ ನಲ್ಲಿ ನಿಲ್ಲಿಸ್ತೀರಾ ಇಲ್ವಾ? ರಜಾ ದಿನಾನೂ ಮಲಗೋಕೆ ಬಿಡಲ್ವಲ್ಲ!"

ನೀರು ನಿಂತಿತು. ಆಚೆ ಒಂದು ಪಾತ್ರೆ ಬಿದ್ದ ಸದ್ದಾಯಿತು.

"ರೀ!" ಎಂದು ಅತ್ತೆ ಮಾವನನ್ನು ಕೂಗಿದರು. "ರೀ, ಏಳಿ! ಕೇಳಿಸಿತಾ? ನನ್ನನ್ನ ಬೈದಳು!"

"ಯಾರು?"

"ಇನ್ಯಾರು, ನಿಮ್ಮ ಸೊಸೆ! ಗೋಡೆ ಬಡಿದು ಬೈದಳು!"

"ಏನಂತ?"

"ನಲ್ಲಿ ನಿಲ್ಲಿಸು ಅಂತ. ನನ್ನ ಅಡುಗೆಮನೇಲಿ ನನ್ನ ನಲ್ಲಿ, ಅವಳು ಯಾರಂತೆ ಹೇಳೋಕೆ?" ಎಂದು, ನನಗೆ ಕೇಳಿಸಲೆಂದೇ ಗೋಡೆಯ ಹತ್ತಿರ ಬಂದು, "ಬೇಕಾದ್ರೆ ಕಿವಿಗೆ ಹತ್ತಿ ಇಟ್ಕೋ!" ಎಂದರು. ನಲ್ಲಿಯನ್ನು ಪೂರ್ತಿ ಬಿಟ್ಟರು.

ಮಲಗಿ 'ಸುಮ್ನಿರು' ಅನ್ನುವಂತೆ ಗೋಡೆಗೆ ಇನ್ನೊಂದು ಸಲ ಬಡಿದೆ. ಪಕ್ಕದ ಕೋಣೆಯಿಂದ ನಾದಿನಿ ಇಬ್ಬರಿಗೂ ಸೇರಿಸಿ ಏನೋ ಕೂಗಿದಳು. ಹೇಗೂ ನಿದ್ದೆ ಕೆಟ್ಟಿತ್ತು. ಮುಖ ತೊಳೆದು ನಡುಮನೆಗೆ ಬಂದೆ. ಮೇಜಿನ ಬಳಿ ಮಾವ ಕಣ್ಣು ಉಜ್ಜಿಕೊಳ್ಳುತ್ತಾ ಕುಳಿತಿದ್ದರು. ಅತ್ತೆ ಮುಖ ಊದಿಸಿಕೊಂಡು ಬಂದು, ನನ್ನ ಮುಂದೆ ಚಹಾ ಕುಕ್ಕಿದರು. ಸ್ವಲ್ಪ ಮೇಜಿನ ಮೇಲೆ ಚೆಲ್ಲಿತು.

ಕಪ್ಪಿನ ಕೆಳಗೆ ಸಾಸರು ಇರಲಿಲ್ಲ. ಚೆಲ್ಲಿದ್ದನ್ನು ನಾನೇ ಒರೆಸಿದೆ.